ಕೂಲಿಯ ಪದ್ಧತಿ ಬದಲಾದಾಗ ನೋಡಬೇಕಾದ ಲೆಕ್ಕ



ಕೂಲಿಯ ಮಾತು ಬಂದಾಗ ನಮ್ಮ ಹಳ್ಳಿಗಳಲ್ಲಿ ಎರಡು ಪಕ್ಷಗಳಿವೆ ಎಂದು ಎಣಿಸುವುದು ವಾಡಿಕೆ. ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ. ಆದರೆ ನಿಜ ಸ್ಥಿತಿ ಹಾಗಿಲ್ಲ. ಎರಡು ಎಕರೆ ಖುಷ್ಕಿ ಇರುವ ರೈತನು ಮಳೆಗಾಲದಲ್ಲಿ ಕಳೆ ತೆಗೆಸಲು ನಾಲ್ಕು ಆಳು ಕರೆಯುತ್ತಾನೆ. ಸುಗ್ಗಿ ಮುಗಿದ ಮೇಲೆ ತಾನೇ ಹತ್ತಿ ಗಿರಣಿಗೋ, ಸಕ್ಕರೆ ಕಾರ್ಖಾನೆಗೋ, ಕಾಫಿ ತೋಟಕ್ಕೋ ದುಡಿಯಲು ಹೋಗುತ್ತಾನೆ. ಅವನ ಮಗಳು ಗೋಡಂಬಿ ಕಾರ್ಖಾನೆಯಲ್ಲಿ ಕೆಲಸಕ್ಕಿರಬಹುದು. ಆದುದರಿಂದ ಕನಿಷ್ಠ ಕೂಲಿಯ ಕಾಯಿದೆಯನ್ನು ಎರಡೂ ಕಡೆಯಿಂದ ತಿಳಿಯುವುದು ಪ್ರತಿಯೊಂದು ಮನೆಗೂ ಅಗತ್ಯ.

ಈಚೆಗೆ ಕೂಲಿ ಕೊಡುವ ಪದ್ಧತಿಗಳು ಹಲವೆಡೆ ಬದಲಾಗುತ್ತಿವೆ. ದಿನಗೂಲಿ ಇದ್ದಲ್ಲಿ ಗಂಟೆಯ ಲೆಕ್ಕ ಬರುತ್ತದೆ. ಒಟ್ಟು ಕೂಲಿಯನ್ನು ಒಡೆದು ಒಂದು ಪಾಲನ್ನು ಬೋನಸ್ ಎಂದು ಕರೆಯುತ್ತಾರೆ. ಕೊಡುತ್ತಿದ್ದ ಬೋನಸನ್ನು ನಿಲ್ಲಿಸಿ ಗಂಟೆಯ ದರವನ್ನು ಸ್ವಲ್ಪ ಏರಿಸುತ್ತಾರೆ. ಇಂಥ ಬದಲಾವಣೆಗಳಲ್ಲಿ ಯಾವುದು ಕಾಯಿದೆಗೆ ವಿರೋಧ, ಯಾವುದು ಅಲ್ಲ ಎಂಬುದನ್ನು ಮನಗಾಣಿಸುವುದೇ ಈ ಪಾಠದ ಉದ್ದೇಶ.

ಕಾಯಿದೆ ಹೇಳುವುದೇನು?

ನಮ್ಮ ದೇಶದಲ್ಲಿ ಕನಿಷ್ಠ ಕೂಲಿಯ ಕಾಯಿದೆ 1948ರಲ್ಲಿ ಬಂದಿತು. ಬೇಸಾಯದ ಕೆಲಸವೂ ಅದರ ಪಟ್ಟಿಯಲ್ಲಿ ಸೇರಿತ್ತು. ಆ ಕಾಯಿದೆ, ಕೂಲಿ ಪಾವತಿಯ 1936ರ ಕಾಯಿದೆ, ಬೋನಸ್ ಪಾವತಿಯ 1965ರ ಕಾಯಿದೆ, ಗಂಡು ಹೆಣ್ಣಿಗೆ ಸಮಾನ ಕೂಲಿಯ 1976ರ ಕಾಯಿದೆ, ಈ ನಾಲ್ಕನ್ನೂ ಒಟ್ಟುಗೂಡಿಸಿ 2019ರ ವೇತನ ಸಂಹಿತೆಯನ್ನು ಮಾಡಲಾಯಿತು. ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹಳೆಯ ಕಾಯಿದೆಯ ಮೇರೆಗೆ ಗೊತ್ತಾಗಿದ್ದ ದರಗಳು ಹೊಸ ಸಂಹಿತೆಗೆ ವಿರೋಧವಿಲ್ಲದ ಮಟ್ಟಿಗೆ ಮುಂದುವರಿಯುತ್ತವೆ.

ಕಾಯಿದೆಯ ತಿರುಳು ಒಂದೇ ಮಾತು. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ದರಕ್ಕಿಂತ ಕಡಿಮೆ ಕೂಲಿಯನ್ನು ಯಾರೂ ಕೊಡತಕ್ಕದ್ದಲ್ಲ. ಕೂಲಿಗಾರನು ಕಡಿಮೆಗೆ ಒಪ್ಪಿ ಬರೆದುಕೊಟ್ಟರೂ ಆ ಕರಾರು ನಿಲ್ಲುವುದಿಲ್ಲ. 1954ರಲ್ಲಿ ಅಜ್ಮೀರದ ಬಿಜಯ್ ಕಾಟನ್ ಮಿಲ್ಸ್ ಮೊಕದ್ದಮೆಯಲ್ಲಿ, ಕೂಲಿಗಾರರೇ ಕಡಿಮೆ ದರಕ್ಕೆ ದುಡಿಯಲು ಸಿದ್ಧರಿದ್ದಾರೆ ಎಂಬ ಮಾತು ಬಂದಿತ್ತು. ಸರ್ವೋಚ್ಚ ನ್ಯಾಯಾಲಯ ಕಾಯಿದೆಯನ್ನೇ ಎತ್ತಿಹಿಡಿಯಿತು. ಕೇರಳದ ಹೆಂಚಿನ ಕಾರ್ಖಾನೆಗಳವರು ತಮ್ಮ ಕೈಯಲ್ಲಿ ಕೊಡಲಾಗದೆಂದು ವಾದಿಸಿದಾಗ, ಕೊಡುವವನ ಶಕ್ತಿಯನ್ನು ನೋಡಿ ಕನಿಷ್ಠ ಕೂಲಿಯನ್ನು ನಿರ್ಧರಿಸಬೇಕಿಲ್ಲ ಎಂದು 1961ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಮನುಷ್ಯನ ಹೊಟ್ಟೆಗೆ ಬೇಕಾದ ಕೊನೆಯ ಅಳತೆ ಇದು. ಇದರೊಳಗೆ ಚೌಕಾಶಿಗೆ ಎಡೆಯಿಲ್ಲ.

ಈ ದರ ಎಲ್ಲ ಕೆಲಸಕ್ಕೂ ಒಂದೇ ಅಲ್ಲ. ನಮ್ಮ ರಾಜ್ಯದಲ್ಲಿ ಮೂಲ ಕೂಲಿಯ ಮೇಲೆ ತುಟ್ಟಿಭತ್ಯೆ ಸೇರುತ್ತದೆ. ಬೆಲೆಯೇರಿಕೆಯನ್ನು ನೋಡಿ ಅದನ್ನು ಏಪ್ರಿಲ್ ತಿಂಗಳಲ್ಲಿ ಪರಿಷ್ಕರಿಸುವುದು ರೂಢಿ. ನಿಮ್ಮ ಕೆಲಸಕ್ಕೆ ಈಗ ನಡೆಯುವ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿರಿ. ಈ ಪಾಠದಲ್ಲಿ ಲೆಕ್ಕ ಸುಲಭವಾಗಲೆಂದು ಎಂಟು ಗಂಟೆಯ ದಿನಕ್ಕೆ ರೂ. 480 ಎಂದು ಹಿಡಿದಿದ್ದೇವೆ, ಅಂದರೆ ಗಂಟೆಗೆ ರೂ. 60. ಇದು ಪಾಠದ ಅಂಕಿಯೇ ಹೊರತು ಸರ್ಕಾರದ ದರವಲ್ಲ.

ಮೊದಲನೆಯ ಲೆಕ್ಕ: ಗಂಟೆಯ ಕೂಲಿ ಮತ್ತು ಹಾಜರಿ ಬೋನಸ್

ಒಂದು ಹೂವಿನ ತೋಟದಲ್ಲಿ ದಿನಕ್ಕೆ ರೂ. 500 ಕೂಲಿ ನಡೆಯುತ್ತಿತ್ತು ಎನ್ನೋಣ. ತೋಟದ ದಣಿ ಹೊಸ ಪದ್ಧತಿ ತರುತ್ತಾನೆ. ಇನ್ನು ಮುಂದೆ ಗಂಟೆಗೆ ರೂ. 55, ವಾರದ ಆರು ದಿನವೂ ತಪ್ಪದೆ ಬಂದವರಿಗೆ ರೂ. 400 ಹಾಜರಿ ಬೋನಸ್. ಬಟವಾಡೆಯ ದಿನ ಮೇಸ್ತ್ರಿ ಹೀಗೆ ಲೆಕ್ಕ ತೋರಿಸುತ್ತಾನೆ: ಎಂಟು ಗಂಟೆಗೆ 440, ಆರು ದಿನಕ್ಕೆ 2,640, ಬೋನಸ್ ಸೇರಿ 3,040. ಹಿಂದೆ ಬರುತ್ತಿದ್ದುದು 3,000. ಆದುದರಿಂದ ನಿಮಗೆ ನಲವತ್ತು ರೂಪಾಯಿ ಲಾಭವೇ ಆಯಿತು ಎನ್ನುತ್ತಾನೆ.

ಈಗ ಕೂಲಿಯ ಹೆಂಗಸೊಬ್ಬಳು ಮಗುವಿಗೆ ಜ್ವರ ಬಂದು ಒಂದು ದಿನ ಬರಲಿಲ್ಲ ಎಂದುಕೊಳ್ಳಿ. ಐದು ದಿನಕ್ಕೆ ಅವಳಿಗೆ ಸಿಕ್ಕಿದ್ದು 2,200. ಐದು ದಿನದ ಕನಿಷ್ಠ ಕೂಲಿ 2,400. ದುಡಿದ ದಿನಗಳಿಗೇ 200 ರೂಪಾಯಿ ಕಡಿಮೆಯಾಯಿತು. ಬಾರದ ದಿನಕ್ಕೆ ಕೂಲಿ ಇಲ್ಲದಿರಬಹುದು. ಆದರೆ ಬಂದ ದಿನದ ಕನಿಷ್ಠ ಕೂಲಿಯನ್ನು ಬಾರದ ದಿನ ನುಂಗುವಂತಿಲ್ಲ. ಇಲ್ಲಿ ಕಾಯಿದೆ ಮುರಿದುದು ಸ್ಪಷ್ಟ.

ಹಾಗಾದರೆ ಆರೂ ದಿನ ಬಂದವನಿಗೆ 3,040 ಬಂತಲ್ಲ, ಅವನ ವಿಷಯದಲ್ಲಿ ಸರಿಯಾಯಿತೇ? ಆರು ದಿನದ ಕನಿಷ್ಠ ಕೂಲಿ 2,880. ಅವನ ಕೂಲಿ 2,640 ಮಾತ್ರ. ಉಳಿದದ್ದು ಬೋನಸ್. ಈ ಬೋನಸನ್ನು ಕನಿಷ್ಠ ಕೂಲಿಗೆ ತುಂಬಿಕೊಳ್ಳಬಹುದೇ ಎಂಬುದೇ ಪ್ರಶ್ನೆ.

ಇದೇ ಪ್ರಶ್ನೆ ಮ್ಯಾಂಗನೀಸ್ ಓರ್ ಇಂಡಿಯಾ ಎಂಬ ಗಣಿ ಕಂಪನಿ ಮತ್ತು ಅದರ ಕೂಲಿಗಾರರ ನಡುವೆ ಎದ್ದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕಂಪನಿಯವರು ಕೂಲಿಗಾರರಿಗೆ ಸೋವಿ ದರದಲ್ಲಿ ದವಸ ಕೊಡುತ್ತಿದ್ದರು, ಹಾಜರಿ ಬೋನಸನ್ನೂ ಕೊಡುತ್ತಿದ್ದರು. ಇವೆರಡರ ಬೆಲೆಯನ್ನೂ ಸೇರಿಸಿದರೆ ಕನಿಷ್ಠ ಕೂಲಿ ತುಂಬುತ್ತದೆ ಎಂಬುದು ಅವರ ವಾದ. ನ್ಯಾಯಾಲಯ ಒಪ್ಪಲಿಲ್ಲ. ಹಾಜರಿ ಬೋನಸ್ ಎಂಬುದು ಜನ ತಪ್ಪದೆ ಕೆಲಸಕ್ಕೆ ಬರಲಿ ಎಂದು ಕೂಲಿಯ ಮೇಲೆ ಕೊಡುವ ಪ್ರೋತ್ಸಾಹ. ಅದು ಕನಿಷ್ಠ ಕೂಲಿಯ ಭಾಗವಲ್ಲ ಎಂದು ತೀರ್ಪಾಯಿತು. ದವಸದ ರಿಯಾಯಿತಿಯನ್ನೂ ಹಾಗೆ ಎಣಿಸಲು ಬಿಡಲಿಲ್ಲ. ಈ ತೀರ್ಪು 1991ರ ವರದಿ ಸಂಪುಟಗಳಲ್ಲಿ ಅಚ್ಚಾಗಿದೆ. ಆದುದರಿಂದ ಆರೂ ದಿನ ಬಂದವನಿಗೂ ವಾರಕ್ಕೆ 240 ರೂಪಾಯಿ ಬಾಕಿಯಿದೆ.

ಇದರ ನ್ಯಾಯವನ್ನು ತಿಳಿಯುವುದು ಕಷ್ಟವಲ್ಲ. ಬೋನಸಿಗೆ ಒಂದು ಷರತ್ತು ಇರುತ್ತದೆ. ಷರತ್ತು ತಪ್ಪಿದರೆ ಹಣವೂ ತಪ್ಪುತ್ತದೆ. ಕನಿಷ್ಠ ಕೂಲಿಯೋ ದುಡಿದವನಿಗೆ ತಪ್ಪದೆ ಬರಬೇಕಾದುದು. ತಪ್ಪಬಹುದಾದ ಹಣದಿಂದ ತಪ್ಪಬಾರದ ಹಣವನ್ನು ತುಂಬುವುದು ಹೇಗೆ?

ಎರಡನೆಯ ಲೆಕ್ಕ: ಹೆಸರು ಬೇರೆ, ಹಣ ಒಂದೇ

ಹಾಗೆಂದು ಕೂಲಿಯನ್ನು ಬೇರೆ ಬೇರೆ ಹೆಸರಿನಲ್ಲಿ ಕೊಟ್ಟರೆಲ್ಲ ತಪ್ಪು ಎಂದು ತಿಳಿಯಬಾರದು. ನಮ್ಮ ರಾಜ್ಯದಿಂದಲೇ ಹೋದ ಏರ್‌ಫ್ರೈಟ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆ 1999ರಲ್ಲಿ ತೀರ್ಮಾನವಾಯಿತು. ಕಂಪನಿ ಕೊಡುತ್ತಿದ್ದ ಒಟ್ಟು ಸಂಬಳ ಕನಿಷ್ಠ ದರಕ್ಕಿಂತ ಹೆಚ್ಚಿತ್ತು. ಆದರೂ ತುಟ್ಟಿಭತ್ಯೆಯನ್ನು ಬೇರೆಯಾಗಿ ಕೊಡಬೇಕೇ ಎಂಬುದು ಅಲ್ಲಿನ ವಿವಾದ. ಮೂಲ ಕೂಲಿ ಮತ್ತು ತುಟ್ಟಿಭತ್ಯೆ ಸೇರಿ ಕನಿಷ್ಠ ಕೂಲಿ ಒಂದೇ ಗಂಟು. ಒಟ್ಟು ಕೂಲಿ ಅದಕ್ಕಿಂತ ಹೆಚ್ಚಿದ್ದರೆ ಭತ್ಯೆಯನ್ನು ಬಿಡಿಸಿ ಬೇರೆ ಕೊಡಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು.

ಈ ಎರಡು ತೀರ್ಪುಗಳನ್ನು ಜೊತೆಯಲ್ಲಿಟ್ಟು ನೋಡಿರಿ. ಷರತ್ತಿಲ್ಲದೆ, ದುಡಿದವನಿಗೆಲ್ಲ ಖಂಡಿತ ಬರುವ ಕೂಲಿ ಮತ್ತು ತುಟ್ಟಿಭತ್ಯೆಯನ್ನು ಕೂಡಿ ಎಣಿಸಬಹುದು. ಷರತ್ತಿನ ಮೇಲೆ ಬರುವ ಪ್ರೋತ್ಸಾಹದ ಹಣವನ್ನು ಎಣಿಸಬಾರದು. ಹೊಸ ಸಂಹಿತೆಯೂ ಮೂಲ ಕೂಲಿ, ತುಟ್ಟಿಭತ್ಯೆ ಮುಂತಾದುವನ್ನೇ ಕೂಲಿ ಎನ್ನುತ್ತದೆ. ವಾರ್ಷಿಕ ಬೋನಸ್, ಪ್ರಯಾಣ ಭತ್ಯೆ, ಮನೆ ಬಾಡಿಗೆ ಭತ್ಯೆ, ಕಮಿಷನ್, ಹೆಚ್ಚುವರಿ ದುಡಿಮೆಯ ಹಣ ಇವನ್ನು ಸಾಮಾನ್ಯವಾಗಿ ಕೂಲಿಯಿಂದ ಹೊರಗಿಟ್ಟಿದೆ. ಕೂಲಿಯ ಬದಲಿಗೆ ದವಸಧಾನ್ಯ ಕೊಟ್ಟಲ್ಲಿ ಅದರ ಬೆಲೆ ಒಟ್ಟು ಕೂಲಿಯಲ್ಲಿ ನೂರಕ್ಕೆ ಹದಿನೈದರಷ್ಟರವರೆಗೆ ಮಾತ್ರ ಕೂಲಿಯೆಂದು ಎಣಿಕೆಯಾಗುತ್ತದೆ.

ಮೂರನೆಯ ಲೆಕ್ಕ: ಕಡಿಮೆಯಾದರೂ ಕಾಯಿದೆ ಮುರಿಯದ ಬದಲಾವಣೆ

ಇನ್ನೊಂದು ತೋಟದಲ್ಲಿ ದಿನಕ್ಕೆ ರೂ. 520 ಕೂಲಿ, ಹಬ್ಬಕ್ಕೆ ಒಂದಿಷ್ಟು ಇನಾಮು ಇತ್ತು. ದಣಿ ಇನಾಮನ್ನು ನಿಲ್ಲಿಸಿ ಗಂಟೆಗೆ ರೂ. 62 ಎಂದ. ಎಂಟು ಗಂಟೆಗೆ 496 ಆಯಿತು. ಕೂಲಿಗಾರನಿಗೆ ದಿನಕ್ಕೆ 24 ರೂಪಾಯಿ ನಷ್ಟ. ಅವನಿಗೆ ಅಸಮಾಧಾನವಾಗುವುದು ಸಹಜ. ಆದರೆ 496 ಎಂಬುದು 480ಕ್ಕಿಂತ ಕೆಳಗಿಲ್ಲ. ಆದುದರಿಂದ ಕನಿಷ್ಠ ಕೂಲಿಯ ನಿಯಮ ಇಲ್ಲಿ ಮುರಿಯಲಿಲ್ಲ.

ಹಾಗಾದರೆ ಅವನಿಗೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ಬೇರೆ ದಾರಿ. ಮೊದಲನೆಯದಾಗಿ, ಒಪ್ಪಿದ ದರದಲ್ಲಿ ಈಗಾಗಲೇ ದುಡಿದು ಮುಗಿಸಿದ ದಿನಗಳಿಗೆ ಹೊಸ ಕಡಿಮೆ ದರವನ್ನು ಹಾಕುವಂತಿಲ್ಲ. ಬದಲಾವಣೆ ಮುಂದಿನ ಕೆಲಸಕ್ಕೆ ಮಾತ್ರ. ಎರಡನೆಯದಾಗಿ, ಗಿರಣಿ ಕಾರ್ಖಾನೆಗಳಲ್ಲಿ ಕೂಲಿಯ ದರವನ್ನೋ ಕೊಡುವ ಕ್ರಮವನ್ನೋ ಬದಲಿಸುವ ಮೊದಲು ಕೆಲಸಗಾರರಿಗೆ ನೋಟೀಸು ಕೊಟ್ಟು 21 ದಿನ ಕಾಯಬೇಕೆಂಬ ನಿಯಮ 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿದೆ. ಹೀಗೆ ಕನಿಷ್ಠ ಕೂಲಿಯ ಪ್ರಶ್ನೆ ಒಂದು, ಒಪ್ಪಂದದ ಪ್ರಶ್ನೆ ಇನ್ನೊಂದು. ಎರಡನ್ನೂ ಬೆರೆಸಿದರೆ ದೂರು ಹೊತ್ತು ತಪ್ಪು ಬಾಗಿಲಿಗೆ ಹೋದಂತಾಗುತ್ತದೆ.

ಗಂಟೆಯ ಲೆಕ್ಕದಲ್ಲಿ ಅಡಗಿರುವ ಎರಡು ಮೋಸ

ಒಂದು: ಅರ್ಧಕ್ಕೆ ಕೆಲಸ ನಿಲ್ಲುವುದು. ಬೆಳಿಗ್ಗೆ ನಾಟಿಗೆ ಆಳು ಬಂದರು. ನಾಲ್ಕು ಗಂಟೆ ದುಡಿಯುವಷ್ಟರಲ್ಲಿ ಪಂಪು ಕೆಟ್ಟು ಗದ್ದೆಗೆ ನೀರಿಲ್ಲದಾಯಿತು. ದಣಿ ನಾಲ್ಕು ಗಂಟೆಯ ಕೂಲಿ ಕೊಟ್ಟು ಮನೆಗೆ ಕಳುಹಿಸಿದ. ಸರ್ಕಾರ ಆ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಕನಿಷ್ಠ ಕೂಲಿ ಗೊತ್ತುಪಡಿಸಿದ್ದರೆ ಇದು ಸಲ್ಲದು. ಕೆಲಸಗಾರ ದುಡಿಯಲು ಸಿದ್ಧನಿದ್ದು, ಕೆಲಸ ಒದಗಿಸುವುದು ದಣಿಯಿಂದ ಆಗದಿದ್ದರೆ, ಪೂರ್ತಿ ದಿನ ದುಡಿದಂತೆಯೇ ಕೂಲಿ ಕೊಡತಕ್ಕದ್ದು. ಕೆಲಸಗಾರನೇ ತನ್ನ ಇಚ್ಛೆಯಿಂದ ಮಧ್ಯದಲ್ಲಿ ಎದ್ದು ಹೋದರೆ ಆ ಮಾತು ಬೇರೆ. ನಿಯಮಗಳಲ್ಲಿ ಬೇರೆ ವಿನಾಯಿತಿ ಹೇಳಿದ್ದರೆ ಅದನ್ನೂ ನೋಡಬೇಕು.

ಎರಡು: ಹೆಚ್ಚು ಹೊತ್ತು ದುಡಿಸುವುದು. ಗಂಟೆಗೆ 62 ರೂಪಾಯಿಯಂತೆ ಹತ್ತು ಗಂಟೆ ದುಡಿಸಿ 620 ಕೊಟ್ಟರೆ ಮೇಲ್ನೋಟಕ್ಕೆ ಧಾರಾಳವಾಗಿ ಕಾಣುತ್ತದೆ. ಆದರೆ ದಿನದ ಗೊತ್ತಾದ ಗಂಟೆಗಳನ್ನು ಮೀರಿದ ದುಡಿಮೆಗೆ ಮಾಮೂಲು ದರದ ಎರಡರಷ್ಟು ಕೊಡಬೇಕು. ಎಂಟು ಗಂಟೆಗೆ 496, ಉಳಿದೆರಡು ಗಂಟೆಗೆ 124ರಂತೆ 248, ಒಟ್ಟು 744. ಅಂದರೆ 124 ರೂಪಾಯಿ ಕಡಿಮೆ ಕೊಟ್ಟಂತಾಯಿತು.

ಗುತ್ತಿಗೆಯ ಕೂಲಿ

ಬುಟ್ಟಿಯ ಲೆಕ್ಕ, ಸಾಲಿನ ಲೆಕ್ಕ, ಎಕರೆಯ ಲೆಕ್ಕದಲ್ಲಿ ಕೆಲಸ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಅದು ತಪ್ಪಲ್ಲ. ಆದರೆ ಸರ್ಕಾರ ಆ ಕೆಲಸಕ್ಕೆ ಹೊತ್ತಿನ ದರವನ್ನು ಮಾತ್ರ ಗೊತ್ತುಪಡಿಸಿದ್ದರೆ, ಬುಟ್ಟಿ ಲೆಕ್ಕದ ಕೂಲಿಯೂ ಆ ದರಕ್ಕಿಂತ ಕೆಳಗಿಳಿಯಬಾರದು. ಶೇಂಗಾ ಕಾಯಿ ಬಿಡಿಸಲು ಬುಟ್ಟಿಗೆ 40 ರೂಪಾಯಿ ಗೊತ್ತಾಗಿದೆ. ಎಂಟು ಗಂಟೆಯಲ್ಲಿ ಒಬ್ಬಳು ಹತ್ತು ಬುಟ್ಟಿ ಬಿಡಿಸಿದಳು. ಸಿಕ್ಕಿದ್ದು 400. ಇನ್ನೂ 80 ಸೇರಿಸಿ ಕೊಡಬೇಕು.

ಎಕರೆ ಲೆಕ್ಕದಲ್ಲಿ ಮೋಸ ಕಣ್ಣಿಗೆ ಬೀಳುವುದಿಲ್ಲ. ಒಂದು ಹೊಲದ ಕಳೆಗೆ 3,600 ರೂಪಾಯಿ ಎಂದಾಗ ದೊಡ್ಡ ಮೊತ್ತವೆನಿಸುತ್ತದೆ. ಐದು ಜನ ಎರಡು ದಿನ ದುಡಿದರೆ ಹತ್ತು ಆಳು ದಿನ. ತಲೆಗೆ 360 ಮಾತ್ರ ಬಿತ್ತು. ನಿಮ್ಮ ಹೊಲದಲ್ಲಿ ನಿಮ್ಮ ಹೇಳಿಕೆಯಂತೆ ದುಡಿದ ಆಳುಗಳಿಗೆ ಗುತ್ತಿಗೆ ಎಂಬ ಹೆಸರಿಟ್ಟ ಮಾತ್ರಕ್ಕೆ ನಿಮ್ಮ ಹೊಣೆ ತೀರುವುದಿಲ್ಲ. ಮೊತ್ತ ಗೊತ್ತುಮಾಡುವ ಮೊದಲೇ ಎಷ್ಟು ಆಳು, ಎಷ್ಟು ದಿನ ಎಂದು ಭಾಗಿಸಿ ನೋಡಿರಿ.

ಹೆಣ್ಣಾಳು, ಗಂಡಾಳು

ಹಲವೆಡೆ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ನಡೆದುಬಂದಿದೆ. ಒಂದೇ ಬಗೆಯ ಕೆಲಸಕ್ಕೆ ಹೀಗೆ ಭೇದ ಮಾಡುವುದನ್ನು 1976ರ ಕಾಯಿದೆ ತಡೆಯಿತು. ಹೊಸ ಸಂಹಿತೆಯೂ ತಡೆಯುತ್ತದೆ. ಕೂಲಿಯನ್ನು ಸಮಮಾಡುವ ನೆಪದಲ್ಲಿ ಗಂಡಸರ ಕೂಲಿಯನ್ನು ಇಳಿಸುವಂತೆಯೂ ಇಲ್ಲ. ಕೆಲವರು ಇಬ್ಬರಿಗೂ ಒಂದೇ ಗಂಟೆಯ ದರ ಎಂದು ಹೇಳಿ ಬೋನಸ್ಸಿನಲ್ಲಿ ಭೇದ ಮಾಡುತ್ತಾರೆ. ಹೆಣ್ಣೆಂಬ ಕಾರಣಕ್ಕೆ ಹಾಗೆ ಮಾಡಿದರೆ ಅದೂ ತಪ್ಪೇ.

ವರ್ಷದ ಬೋನಸ್

ಇದುವರೆಗೆ ಹೇಳಿದ್ದು ದಣಿಯ ಮನಸ್ಸಿನಿಂದ ಬರುವ ಬೋನಸ್. ಕಾಯಿದೆಯೇ ಕೊಡಿಸುವ ವಾರ್ಷಿಕ ಬೋನಸ್ ಬೇರೆ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ, ವರ್ಷದಲ್ಲಿ ಕನಿಷ್ಠ 30 ದಿನ ಕೆಲಸ ಮಾಡಿದ, ಸರ್ಕಾರ ಹೇಳಿದ ಸಂಬಳದ ಮಿತಿಯೊಳಗಿನ ಕೆಲಸಗಾರರಿಗೆ ಅದು ಸಲ್ಲುತ್ತದೆ. ಅದರ ಕೆಳಮಿತಿ ನೂರಕ್ಕೆ 8.33. ಸುಲಭವಾಗಿ ಹೇಳುವುದಾದರೆ ಹನ್ನೆರಡರಲ್ಲಿ ಒಂದು ಪಾಲು; ವರ್ಷವೆಲ್ಲ ದುಡಿದವನಿಗೆ ಸುಮಾರು ಒಂದು ತಿಂಗಳ ಕೂಲಿ. ಗಂಟೆಯ ದರವನ್ನು ಏರಿಸಿದ್ದೇವೆ, ಆದುದರಿಂದ ವರ್ಷದ ಬೋನಸ್ ಇಲ್ಲ ಎಂದು ಗಿರಣಿಯವರು ಹೇಳಿದರೆ ಅದು ಸಲ್ಲದು. ಈ ಹಕ್ಕನ್ನೂ ಬರೆದುಕೊಟ್ಟು ಕಳೆದುಕೊಳ್ಳಲು ಬರುವುದಿಲ್ಲ.

ಕೊಡುವ ರೈತನಿಗೆ ಎರಡು ಮಾತು

ಬೆಳೆಗೆ ಬೆಲೆಯಿಲ್ಲ, ನಾವು ಎಲ್ಲಿಂದ ತರೋಣ ಎಂದು ನೀವು ಕೇಳುವಿರಿ. ಈ ಸಂಕಟ ಸುಳ್ಳಲ್ಲ. ಆದರೆ ಬೆಲೆ ಬಿದ್ದ ವರ್ಷ ನಿಮ್ಮ ಮನೆಯಲ್ಲಿ ಹೇಗೆ ಅಕ್ಕಿಯ ಖರ್ಚು ನಿಲ್ಲುವುದಿಲ್ಲವೋ ಕೂಲಿಯವನ ಮನೆಯಲ್ಲಿಯೂ ಹಾಗೆಯೇ. ಆಳಿನ ಖರ್ಚನ್ನು ಕೂಲಿ ಕಡಿದು ಉಳಿಸುವುದಕ್ಕಿಂತ ಕೆಲಸವನ್ನು ಯೋಜಿಸಿ ಉಳಿಸುವುದು ಲೇಸು. ಅಕ್ಕಪಕ್ಕದ ಮನೆಯವರು ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದರೆ ಕೈಯಿಂದ ಹಣ ಹೋಗುವುದಿಲ್ಲ. ಆಳು ಕರೆಯುವ ಹಿಂದಿನ ದಿನವೇ ನೀರು, ಸಸಿ, ಗೊಬ್ಬರ ಸಿದ್ಧವಿಟ್ಟುಕೊಂಡರೆ ಕೊಟ್ಟ ಕೂಲಿಗೆ ಪೂರ್ತಿ ಕೆಲಸ ಸಿಗುತ್ತದೆ. ಮೊದಲು ಕನಿಷ್ಠ ಕೂಲಿಯನ್ನು ಭದ್ರ ಮಾಡಿ, ಸುಗ್ಗಿ ಚೆನ್ನಾದರೆ ಅದರ ಮೇಲೆ ಬೋನಸ್ ಕೊಡಿ. ಆಗ ಬೋನಸ್ ನಿಜವಾದ ಪ್ರೋತ್ಸಾಹವಾಗುತ್ತದೆ.

ಬೇಸಾಯಕ್ಕೆ ಐದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳದ ರೈತನಿಗೆ ದೊಡ್ಡ ರಿಜಿಸ್ಟರುಗಳನ್ನು ಇಡುವ ನಿರ್ಬಂಧವಿಲ್ಲ. ಆದರೆ ಕೇಳಿದಾಗ ಕೂಲಿ ಕೊಟ್ಟುದಕ್ಕೆ ತಕ್ಕ ಪುರಾವೆ ತೋರಿಸಬೇಕು. ಕೂಲಿ ಬಂದಿಲ್ಲವೆಂದು ದಾವೆ ಹೂಡಿದಾಗ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಭಾರ ಕೊಟ್ಟವನ ಮೇಲೆಯೇ ಬೀಳುತ್ತದೆ. ಒಂದು ಸಣ್ಣ ಹಾಜರಿ ಪುಸ್ತಕ ಸಾಕು: ತಾರೀಖು, ಹೆಸರು, ಗಂಟೆ, ಕೊಟ್ಟ ಹಣ, ಮುಂಗಡವಿದ್ದರೆ ಅದು, ಪಡೆದವರ ರುಜು.

ಪಡೆಯುವವರಿಗೆ ಎರಡು ಮಾತು

ನೀವೂ ನಿಮ್ಮ ಲೆಕ್ಕವನ್ನು ಬರೆದಿಡಿರಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಬಹುದು. ಕಡಿಮೆ ಬಂದರೆ ಮೊದಲು ದಣಿಯೊಡನೆ ಲೆಕ್ಕ ಕೂಡಿಸಿ ಮಾತಾಡಿರಿ. ಅನೇಕ ವೇಳೆ ದರ ಏರಿದ್ದು ಅವರಿಗೆ ತಿಳಿದಿರುವುದಿಲ್ಲ. ಅಲ್ಲಿ ಇತ್ಯರ್ಥವಾಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಡಿರಿ. 1948ರ ಕಾಯಿದೆಯಲ್ಲಿ ಅರ್ಜಿಗೆ ಆರು ತಿಂಗಳ ವಾಯಿದೆ ಇತ್ತು. ಈಗ ಮೂರು ವರ್ಷಗಳ ಅವಧಿಯಿದೆ. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರವನ್ನು ಅಧಿಕಾರಿಗಳು ಕೊಡಿಸಬಹುದು. ಕಡಿಮೆ ಕೂಲಿ ಕೊಟ್ಟವರಿಗೆ ರೂ. 50,000ದವರೆಗೆ ದಂಡ ಬೀಳಬಹುದು.

ಯುವಕ ಸಂಘ, ಮಹಿಳಾ ಸಂಘಗಳಲ್ಲಿ ಚರ್ಚೆಗೆ

ಕನಿಷ್ಠ ಕೂಲಿ ಎಂಟು ಗಂಟೆಗೆ ರೂ. 480 ಎಂದೇ ಹಿಡಿದು ಈ ಮೂರು ಲೆಕ್ಕಗಳನ್ನು ಬಿಡಿಸಿರಿ.

1. ಗಂಟೆಗೆ ರೂ. 58 ಮೂಲ ಕೂಲಿ, ಎಲ್ಲರಿಗೂ ಯಾವ ಷರತ್ತೂ ಇಲ್ಲದೆ ಗಂಟೆಗೆ ರೂ. 3 ತುಟ್ಟಿಭತ್ಯೆ. ಕಾಯಿದೆ ಮುರಿಯಿತೇ?

2. ಗಂಟೆಗೆ ರೂ. 58 ಕೂಲಿ, ತಿಂಗಳೆಲ್ಲ ತಪ್ಪದೆ ಬಂದವರಿಗೆ ರೂ. 1,000 ಬೋನಸ್. ಕಾಯಿದೆ ಮುರಿಯಿತೇ?

3. ಗಂಟೆಗೆ ರೂ. 63 ಕೂಲಿ. ಸುಗ್ಗಿಯ ಬೋನಸನ್ನು ಬರುವ ವರ್ಷದಿಂದ ಸಾವಿರದಿಂದ ಐನೂರಕ್ಕೆ ಇಳಿಸುತ್ತಾರೆ. ಕಾಯಿದೆ ಮುರಿಯಿತೇ?

ಉತ್ತರ: ಮೊದಲನೆಯದರಲ್ಲಿ ಗಂಟೆಗೆ 61 ಖಂಡಿತವಾಗಿ ಬರುತ್ತದೆ, ಮುರಿಯಲಿಲ್ಲ. ಎರಡನೆಯದರಲ್ಲಿ ಬೋನಸನ್ನು ಬಿಟ್ಟರೆ ದಿನಕ್ಕೆ 464 ಮಾತ್ರ, ಮುರಿಯಿತು. ಮೂರನೆಯದರಲ್ಲಿ ಕೂಲಿ 504 ಇದೆ. ಕನಿಷ್ಠ ಕೂಲಿಯ ನಿಯಮ ಮುರಿಯಲಿಲ್ಲ, ಬೋನಸ್ಸಿನ ಮಾತನ್ನು ಒಪ್ಪಂದದಂತೆ ಬಗೆಹರಿಸಿಕೊಳ್ಳಬೇಕು.

ನೆನಪಿಡಬೇಕಾದುದು ಇಷ್ಟೇ. ಕೂಲಿಗೆ ಯಾವ ಹೆಸರಿಟ್ಟಿದ್ದಾರೆ ಎಂದು ನೋಡಬೇಡಿ. ಷರತ್ತಿನ ಹಣವನ್ನು ಪಕ್ಕಕ್ಕೆ ಸರಿಸಿ. ಉಳಿದ ಹಣವನ್ನು ದುಡಿದ ಗಂಟೆಗಳಿಂದ ಭಾಗಿಸಿ. ಬಂದ ಅಂಕಿಯನ್ನು ಸರ್ಕಾರದ ದರದ ಪಕ್ಕದಲ್ಲಿಟ್ಟು ನೋಡಿ. ಮುಂದಿನ ಬಟವಾಡೆಯ ದಿನ, ಕೊಡುವವರಾಗಲಿ ಪಡೆಯುವವರಾಗಲಿ, ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿರಿ.